ಅವಿಯಲ್ ಸೆಟ್

ಪಕ್ಕದ ಫ್ಲಾಟಿನವರು ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಮೆಟ್ಟಿಲ ತುಂಬ ಥಿನ್ನರ್ ವಾಸನೆ. ಮೇಲಿನ ಮನೆಯವರು ತಲೆನೋವು ಎಂದು ಬಾಗಿಲು ಹಾಕಿಕೊಂಡರು, ಕೆಳಗಿನವರು ಅಸೋಸಿಯೇಷನ್ನಿಗೆ ಹೇಳುತ್ತೇವೆ ಎಂದು ಗೊಣಗಿದರು. ನಾನೊಬ್ಬಳು ಮಾತ್ರ ಬಾಗಿಲು ಪೂರ್ತಿ ತೆಗೆದು, ಚಹಾದ ಕಪ್ಪು ಹಿಡಿದು, ಮೂಗು ಅರಳಿಸಿಕೊಂಡು ಕೂತಿದ್ದೇನೆ. ನೋಡಿದವರು ಇವಳಿಗೇನೋ ಚಟ ಹತ್ತಿದೆ ಅಂದುಕೊಳ್ಳಬಹುದು. ಅಂದುಕೊಳ್ಳಲಿ ಬಿಡಿ. ಥಿನ್ನರ್ ವಾಸನೆ ಬಂದರೆ ಸಾಕು, ನನ್ನ ಎದೆ ತಾನೇ ಉಬ್ಬುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಕಥೆ ಸ್ವಲ್ಪ ಉದ್ದವಿದೆ. ನಾನು ಧಾರವಾಡದ ಕಡೆಯವಳು, ನಮ್ಮಲ್ಲಿ ಚುಟುಕಾಗಿ ಮಾತು ಮುಗಿಸಿದರೆ ಆರೋಗ್ಯ ಸರಿಯಿಲ್ಲವೇ ಎಂದು ಕೇಳುತ್ತಾರೆ.

ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ಈ ಮನೆಗೆ ಬರುವ ಮೊದಲು ನಾವು ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದೆವು. ನಾನು ಬ್ಯಾಂಕಿನ ಅಧಿಕಾರಿ. ಬ್ಯಾಂಕು ಎತ್ತಿ ಒಗೆದ ಊರಿನಲ್ಲಿ ಹೋಗಿ ಬೀಳುವುದು ನಮ್ಮ ಹಣೆಬರಹ. ನಮ್ಮ ಮನೆಯವರು ಬೆಳೆ ವಿಜ್ಞಾನಿ. ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಮರಗೆಣಸಿನ ತಳಿಗಳನ್ನು ಬೆಳೆಸಿ, ಅಗೆದು, ತೂಗಿ ನೋಡುವುದು ಅವರ ಕೆಲಸ. ಮಲಯಾಳಿಗಳು ಕಪ್ಪ ಎನ್ನುವ ಆ ಗೆಡ್ಡೆಯನ್ನು ಅವರು ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿರುತ್ತಾರೆ. ನನಗೆ ಹೊಟ್ಟೆಕಿಚ್ಚಿಲ್ಲ. ಮಗಳು ಆ ಊರಿನಲ್ಲೇ ಬೆಳೆದಳು. ನಾವು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರುತ್ತರ ಕೊಡುತ್ತಾಳೆ. ಎರಡು ಭಾಷೆಯಾದರೂ ಜಗಳಕ್ಕೆ ಒಂದು ದಿನವೂ ಅಡ್ಡಿಯಾಗಿಲ್ಲ.

ಗಾಲ್ಫು ನನ್ನ ಜಾತಕದಲ್ಲಿ ಇರಲಿಲ್ಲ. ನಮ್ಮ ಶಾಖೆಯಿಂದ ಉತ್ತರದ ಕಡೆ ವರ್ಗವಾಗಿ ಹೋದ ಒಬ್ಬ ಮ್ಯಾನೇಜರು, ಸಾಮಾನು ಹೆಚ್ಚಾಯಿತೆಂದು ತಮ್ಮ ಗಾಲ್ಫ್ ಚೀಲವನ್ನು ನನ್ನ ಕ್ಯಾಬಿನ್ನಿನ ಮೂಲೆಯಲ್ಲಿ ನಿಲ್ಲಿಸಿ ಹೋದರು. ಬಹಳ ದಿನ ಅದರ ಮೇಲೆ ನನ್ನ ಕೊಡೆ ನೇತಾಡುತ್ತಿತ್ತು. ಏನು ಬುದ್ಧಿ ಬಂತೋ, ಒಂದು ಶನಿವಾರ ಅದನ್ನು ಮನೆಗೆ ತಂದು, ಮರುದಿನ ಭಾನುವಾರ ಆಟೋದಲ್ಲಿ ಹಾಕಿಕೊಂಡು ಊರಿನ ಹಳೆಯ ಗಾಲ್ಫ್ ಮೈದಾನಕ್ಕೆ ಹೋದೆ. ಸಲ್ವಾರ್ ಕಮೀಜು, ಕಾಲಲ್ಲಿ ಬೆಳಗಿನ ವಾಕಿಂಗ್ ಶೂಸು. ಬೀಸಿದೆ, ಹುಲ್ಲು ಹಾರಿತು. ಇನ್ನೊಮ್ಮೆ ಬೀಸಿದೆ, ಮಣ್ಣು ಹಾರಿತು. ಹೀಗೆ ಆ ಮೈದಾನದ ಅರ್ಧ ಮಣ್ಣನ್ನು ಹಾರಿಸಿದ ಮೇಲೆ ಒಂದು ಚೆಂಡು, ಅದಕ್ಕೇ ಬೇಜಾರು ಬಂದಿತೋ ಏನೋ, ಎದ್ದು ಹೋಯಿತು. ಮರದ ಎತ್ತರ ಹೋಗಿ, ಅಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಮೆಲ್ಲಗೆ ಇಳಿಯಿತು. ಅವತ್ತು ನನಗಾದ ಸಂತೋಷ ಯಾವ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ. ಮುಂದಿನ ಭಾನುವಾರವೂ ಹೋದೆ. ಅಲ್ಲಿಂದ ಮನೆಯಲ್ಲಿ ಭಾನುವಾರದ ಉಪ್ಪಿಟ್ಟು ನಮ್ಮ ಮನೆಯವರ ಪಾಲಿಗೆ ಬಂತು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಐರನ್ ಎಂದರೆ ಇಲ್ಲಿ ಇಸ್ತ್ರಿ ಪೆಟ್ಟಿಗೆಯಲ್ಲ, ಕಬ್ಬಿಣದ ತಲೆಯ ಕೋಲು. ಒಂದು ಸೆಟ್ಟಿನಲ್ಲಿ ಐದು, ಆರು, ಏಳು ಎಂದು ಒಂಬತ್ತರವರೆಗೆ ತಲೆಯ ಮೇಲೆ ನಂಬರು ಕೆತ್ತಿರುತ್ತಾರೆ. ನಂಬರು ಸಣ್ಣದಾದಷ್ಟೂ ಅದರ ಮುಖ ನೆಟ್ಟಗೆ, ಚೆಂಡು ತಗ್ಗಾಗಿ ದೂರ ಹೋಗುತ್ತದೆ. ನಂಬರು ದೊಡ್ಡದಾದಷ್ಟೂ ಮುಖ ಆಕಾಶದ ಕಡೆ, ಚೆಂಡು ಎತ್ತರ ಹೋಗಿ ಹತ್ತಿರ ಬೀಳುತ್ತದೆ. ಒಂದೊಂದು ನಂಬರಿಗೆ ಒಂದೊಂದು ದೂರ. ಚೆಂಡನ್ನು ಕಡಿಮೆ ಹೊಡೆತದಲ್ಲಿ ಕುಳಿಗೆ, ಎಂದರೆ ಹೋಲಿಗೆ, ಹಾಕಿದವರು ಗೆದ್ದಂತೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆ ಮೈದಾನದಲ್ಲಿ ನಮ್ಮದೊಂದು ಗುಂಪಿತ್ತು: ಬ್ಯಾಂಕಿನವರು, ಸರ್ಕಾರಿ ಕಚೇರಿಯವರು. ಕುರುಪ್ ಸರ್ ಅದರ ಕಾರ್ಯದರ್ಶಿ. ದೊಡ್ಡ ಹುದ್ದೆಯ ಅಧಿಕಾರಿ, ಮಡಿಸಿದ ಇಸ್ತ್ರಿ ಕೆಡದ ಮನುಷ್ಯ. ಅವರ ಐರನ್‌ಗಳೆಲ್ಲ ಒಂದೇ ಕಂಪನಿಯವು, ಒಂದೇ ಮಾದರಿಯವು. ಆಟ ಮುಗಿದ ಮೇಲೆ ಪ್ರತಿಯೊಂದನ್ನೂ ಬಿಳಿ ಬಟ್ಟೆಯಲ್ಲಿ ಒರೆಸಿ, ನಂಬರಿನ ಪ್ರಕಾರ ಚೀಲದಲ್ಲಿ ನಿಲ್ಲಿಸುತ್ತಿದ್ದರು. ಸೆಟ್ ಎಂದರೆ ಸೆಟ್, ಅದನ್ನು ಒಡೆಯಬಾರದು ಎಂಬುದು ಅವರ ಸಿದ್ಧಾಂತ. ವರ್ಷಕ್ಕೊಮ್ಮೆ ನಮ್ಮ ಗುಂಪಿಗೂ ಕೊಚ್ಚಿಯ ಅಂಥದೇ ಗುಂಪಿಗೂ ಸ್ನೇಹದ ಪಂದ್ಯ ನಡೆಯುತ್ತಿತ್ತು. ಸ್ನೇಹ ಎಂಬುದು ಕರಪತ್ರದಲ್ಲಿ ಮಾತ್ರ. ಸೋತವರು ಮುಂದಿನ ವರ್ಷದವರೆಗೆ ಮುಖ ಎತ್ತುವ ಹಾಗಿರಲಿಲ್ಲ. ತಿರುವನಂತಪುರದ ತಂಡದಲ್ಲಿ ಆಡುವ ಒಬ್ಬಳೇ ಹೆಂಗಸು ನಾನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಚೆನ್ನಾಗಿಯೇ ಆಡುತ್ತಿದ್ದೆ.

ಹೀಗಿರುವಾಗ ನನ್ನ ಬಲ ಭುಜ ಬಿಗಿದುಕೊಂಡಿತು. ಬಿದ್ದಿಲ್ಲ, ಎದ್ದಿಲ್ಲ, ಸುಮ್ಮನೆ ಒಂದು ದಿನ ಜಡೆ ಹಾಕಿಕೊಳ್ಳಲು ಹೋದರೆ ಕೈ ಮೇಲೆ ಬರಲೊಲ್ಲದು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ, ಈ ವಯಸ್ಸಿನ ಹೆಂಗಸರಿಗೆ ಇದು ಮಾಮೂಲು ಅಂದರು. ಅವರಿಗೆ ಮಾಮೂಲು. ನನಗೆ ಬ್ಲೌಸಿನ ಹುಕ್ಕು ಹಾಕಿಕೊಳ್ಳಲು ಮಗಳು ಬೇಕು, ಅಟ್ಟದ ಮೇಲಿನ ಡಬ್ಬಿ ಇಳಿಸಲು ಗಂಡ ಬೇಕು, ಮಲಗಿದರೆ ಯಾವ ಮಗ್ಗುಲೂ ಆಗದು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೆ ನೋವು ಇಳಿಯಿತು, ಆದರೆ ಕೈ ಮೊದಲಿನಷ್ಟು ಹಿಂದಕ್ಕೆ ಹೋಗಲಿಲ್ಲ. ಮೈದಾನಕ್ಕೆ ಹೋಗಿ ನನ್ನ ಐದನೇ ನಂಬರಿನಿಂದ ಬೀಸಿದರೆ ಚೆಂಡು ಹುಲ್ಲಿನ ಮೇಲೆ ಹರಿದುಕೊಂಡು ಹೋಯಿತು. ಆರನೇ ನಂಬರಿನದೂ ಅದೇ ಪಾಡು. ಒಂಬತ್ತು ಮಾತ್ರ ಹಳೆಯ ಗೆಳತಿಯ ಹಾಗೆ ಹೇಳಿದ ಮಾತು ಕೇಳುತ್ತಿತ್ತು.

ಆ ವರ್ಷದ ಪಂದ್ಯ ಕೊಚ್ಚಿಯಲ್ಲಿತ್ತು. ಒಂದು ಬೆಳಿಗ್ಗೆ ಕುರುಪ್ ಸರ್ ನನ್ನನ್ನು ಕರೆದು, ಎದುರಿನ ಕುರ್ಚಿ ತಾವೇ ಎಳೆದು ಕೂರಿಸಿದರು. ಅಲ್ಲೇ ನನಗೆ ಅನುಮಾನ ಬಂತು. ಅವರು ಬಹಳ ಮರ್ಯಾದೆಯಿಂದ, ಅರ್ಧ ಇಂಗ್ಲಿಷ್ ಅರ್ಧ ಮಲಯಾಳದಲ್ಲಿ, ನನ್ನ ಆರೋಗ್ಯ ವಿಚಾರಿಸಿ, ಮಗಳ ಓದು ವಿಚಾರಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡರು. "ಈ ಸಲ ಮೇಡಂ ನಮ್ಮ ಮ್ಯಾನೇಜರ್ ಆಗಿ ಬರಬೇಕು" ಅಂದರು. ಮ್ಯಾನೇಜರ್ ಎಂದರೇನು ಗೊತ್ತೇ? ವ್ಯಾನು ಹೇಳಿಡುವುದು, ನೀರಿನ ಬಾಟಲಿ ಎಣಿಸುವುದು, ಒಂಬತ್ತನೇ ಹೋಲ್ ಮುಗಿಸಿ ಬಂದವರಿಗೆ ಪಳಂಪೊರಿ ಬಿಸಿಯಾಗಿ ಸಿಗುವ ಹಾಗೆ ನೋಡಿಕೊಳ್ಳುವುದು. ಬಾಳೆಹಣ್ಣಿನ ಬಜ್ಜಿ ಹಂಚಲು ನಾನು ಕೊಚ್ಚಿಗೆ ಹೋಗಬೇಕು! ಪಿತ್ತ ನೆತ್ತಿಗೇರಿತು. ಆದರೂ ಬ್ಯಾಂಕಿನಲ್ಲಿ ಗ್ರಾಹಕರ ಮುಂದೆ ನಕ್ಕು ನಕ್ಕು ಅಭ್ಯಾಸವಾಗಿತ್ತಲ್ಲ, ನಗುತ್ತಲೇ ಕೇಳಿದೆ: ಪಂದ್ಯಕ್ಕೆ ಮೊದಲು ನಿಮ್ಮ ಜೊತೆ ಒಂದು ಸುತ್ತು ಆಡುತ್ತೇನೆ, ಆಮೇಲೆ ನಿರ್ಧರಿಸುತ್ತೀರಾ? ಅವರು ದೊಡ್ಡ ಮನುಷ್ಯರು, ಇಲ್ಲವೆನ್ನಲಿಲ್ಲ. ಆದರೆ ಒಪ್ಪುವಾಗ ಅವರ ಕಣ್ಣಿನಲ್ಲಿದ್ದ ಮರುಕ ನೋಡಿ ನನಗೆ ಬಜ್ಜಿಗಿಂತ ಹೆಚ್ಚು ಉರಿಯಿತು.

ಮನೆಗೆ ಬಂದು ಅತ್ತುಬಿಟ್ಟೆ. ಮುಚ್ಚಿಟ್ಟುಕೊಳ್ಳುವುದೇನು. ಪಂದ್ಯ ಹೋಯಿತೆಂದಲ್ಲ. ನಾನು ಮುಗಿದೆ, ಇನ್ನು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವವಳು ಎಂದು ಯಾರೋ ತೀರ್ಮಾನ ಮಾಡಿ ಕುರ್ಚಿ ಎಳೆದುಕೊಟ್ಟರಲ್ಲ, ಅದಕ್ಕೆ. ನಮ್ಮ ಮನೆಯವರು ಸಮಾಧಾನ ಹೇಳುವುದರಲ್ಲಿ ದಡ್ಡರು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತರು, ನೀರು ತಂದುಕೊಟ್ಟರು, ಆಮೇಲೆ ಎದ್ದು ಹೋಗಿ ನನ್ನ ಚೀಲದಿಂದ ಐರನ್‌ಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಮಲಗಿಸಿದರು. ಬಗ್ಗಿ ನೋಡಿದರು, ತಳ ಮುಟ್ಟಿ ನೋಡಿದರು.

"ಇವು ಭಾಳ ತೆಳ್ಳಗ ಅದಾವ. ಎಲ್ಲಾ ಒಂದs ತಳಿ ಯಾಕ ಬೇಕು ನಿನಗ? ಸಣ್ಣ ದೂರಕ್ಕ ಇವು ಇರ್ಲಿ. ದೂರದ್ದಕ್ಕ ಬ್ಯಾರೆ ಹುಡುಕೋಣು."

ಅವರು ನೇಮದಿಂದ ಗಾಲ್ಫ್ ಆಡಿದವರಲ್ಲ. ಬೇಕೆನಿಸಿದಾಗ ಬಂದು ನನ್ನ ಜೊತೆ ನಾಲ್ಕು ಚೆಂಡು ಹೊಡೆಯುವವರು. ಆದರೆ ಹೇಳಿದ್ದು ತಪ್ಪಿರಲಿಲ್ಲ. ಈಗಿನ ಕಂಪನಿಗಳು ತಾಕತ್ತು ಕಡಿಮೆಯಿದ್ದವರಿಗೆಂದು ದಪ್ಪ ತಳದ, ಹಗುರ ಕೋಲಿನ ಐರನ್ ಮಾಡುತ್ತವೆ. ಸ್ವಲ್ಪ ತಪ್ಪಿ ತಾಗಿದರೂ ಚೆಂಡು ಏಳುತ್ತದೆ. ನೋಡಲು ಮಾತ್ರ ಚೆಂದವಿಲ್ಲ, ಒನಕೆಗೆ ಕಾಲು ಬಂದ ಹಾಗೆ. ನನ್ನ ತೆಳ್ಳಗಿನವು ಚೆಲುವೆಯರು, ಆದರೆ ಕಟ್ಟುನಿಟ್ಟಿನವರು. ಕೂದಲೆಳೆ ತಪ್ಪಿದರೂ ಕೈ ಝುಂ ಎನ್ನಿಸುತ್ತಿದ್ದವು.

ಬೇರೆ ಹುಡುಕಲು ದೂರ ಹೋಗಬೇಕಾಗಲಿಲ್ಲ. ಕೊಚ್ಚಿಯ ಕಾಕ್ಕನಾಡ್‌ನಲ್ಲಿ ಅನ್ವರ್ ಇದ್ದ. ಮಂಗಳೂರಿನವನು, ಅಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ. ಪಂದ್ಯಗಳಲ್ಲಿ ಕೊಚ್ಚಿ ತಂಡದವನು, ಎಂದರೆ ನಮ್ಮ ಶತ್ರು. ಕನ್ನಡದಲ್ಲಿ ಮಾತಾಡಲು ಸಿಗುವವನು, ಎಂದರೆ ನನ್ನ ತಮ್ಮ. ಈ ಹುಡುಗನಿಗೊಂದು ರೋಗ. ಹೊಸ ಸೆಟ್ ಬಂದರೆ ಕೊಳ್ಳಬೇಕು, ಎರಡು ತಿಂಗಳು ಆಡಬೇಕು, ಸೋತರೆ ಸೆಟ್ಟಿನ ಮೇಲೆ ತಪ್ಪು ಹಾಕಿ ಮಂಚದ ಕೆಳಗೆ ತಳ್ಳಬೇಕು. ನಾವಿಬ್ಬರೂ ರೈಲು ಹತ್ತಿ ಹೋದೆವು. ಅವನ ಹೆಂಡತಿ ನೀರ್ದೋಸೆ ಮಾಡಿ ಹಾಕಿದಳು, ಅವನು ಮಂಚದ ಕೆಳಗಿಂದ ಎರಡು ಸೆಟ್ ಎಳೆದ. ಒಂದು ದಪ್ಪ ತಳದ್ದು, ಇನ್ನೊಂದು ತೀರಾ ದಪ್ಪವೂ ಅಲ್ಲದ ತೆಳುವೂ ಅಲ್ಲದ ನಡುವಿನದು. "ತೆಕ್ಕೊಂಡು ಹೋಗಿ ಅಕ್ಕಾ, ಇಲ್ಲಿದ್ರೆ ಧೂಳು ತಿನ್ನುದು ಮಾತ್ರ" ಅಂದ. ಯಾವುದಕ್ಕೆಂದು ಅವನಿಗೆ ಹೇಳಿದೆ. ಶತ್ರುವಿಗೆ ಆಯುಧ ಕೊಡುತ್ತಿದ್ದೇನೆ ಎಂದು ಅವನಿಗೆ ಆಗ ಹೊಳೆಯಲಿಲ್ಲ, ನಕ್ಕ.

ಈಗ ನಮ್ಮ ಮನೆಯವರೊಳಗಿನ ವಿಜ್ಞಾನಿ ಎದ್ದು ಕೂತರು. ಅಭ್ಯಾಸದ ಮೈದಾನದಲ್ಲಿ ಹೊಲದ ಪ್ರಯೋಗದ ಹಾಗೆಯೇ ಬಿದಿರುಕಡ್ಡಿಗೆ ಬಣ್ಣದ ಬಟ್ಟೆ ಕಟ್ಟಿ ನೆಟ್ಟರು. ಕೆಂಪು ದಪ್ಪ ತಳಿಗೆ, ಹಳದಿ ನಡುವಿನ ತಳಿಗೆ, ನೀಲಿ ತೆಳ್ಳಗಿನ ತಳಿಗೆ. ನಾನು ಬ್ಯಾಂಕಿನಲ್ಲಿರುವಾಗ ರಜೆ ಹಾಕಿ ಹೋಗಿ ಹೊಡೆದು, ಯಾವುದು ಎಲ್ಲಿ ಬಿತ್ತು ನೋಡಿ ಬರುತ್ತಿದ್ದರು. ಮರಗೆಣಸಿಗೂ ಅವರು ಅಷ್ಟು ರಜೆ ಹಾಕಿರಲಿಲ್ಲ. ಕೊನೆಗೆ ಫಲಿತಾಂಶ ಘೋಷಣೆಯಾಯಿತು: ಐದು, ಆರು ದಪ್ಪ ಸೆಟ್ಟಿನವು, ಏಳು, ಎಂಟು ನಡುವಿನ ಸೆಟ್ಟಿನವು, ಒಂಬತ್ತಕ್ಕೆ ನನ್ನ ಹಳೆಯ ಚೆಲುವೆ. ಮೂರು ಮನೆಯಿಂದ ಬಂದರೂ ಕೈಗೆ ಒಂದೇ ಅನ್ನಿಸಬೇಕೆಂದು ಎಲ್ಲದಕ್ಕೂ ಒಂದೇ ಥರದ ರಬ್ಬರ್ ಹಿಡಿ ಹಾಕಬೇಕಿತ್ತು. ಶ್ರೀಕಾರ್ಯಂನ ಬಾಲ್ಕನಿಯಲ್ಲಿ ಕೂತು, ಹಳೆಯ ಹಿಡಿ ಕತ್ತರಿಸಿ ತೆಗೆದು, ಎರಡೂ ಕಡೆ ಅಂಟುವ ಟೇಪು ಸುತ್ತಿ, ಥಿನ್ನರ್ ಸುರಿದು, ಹೊಸ ಹಿಡಿಯನ್ನು ಜಾರಿಸಿದೆವು. ಥಿನ್ನರ್ ಇದ್ದರೆ ಜಾರುತ್ತದೆ, ಆರಿದರೆ ಅಂಟಿ ಕೂರುತ್ತದೆ. ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು, ಇಬ್ಬರೂ ಏನೋ ದೊಡ್ಡ ಕೆಲಸ ಮಾಡುತ್ತಿರುವ ಹಾಗೆ ಗಂಭೀರವಾಗಿದ್ದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ಕೂಡಿ ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೊಂದು ನೆನಪಿಲ್ಲ.

ಸುದ್ದಿ ಗುಂಪಿನಲ್ಲಿ ಹರಡಿತು. ಮೂರು ಮಾದರಿ ಸೇರಿದ ನನ್ನ ಚೀಲಕ್ಕೆ ಅವಿಯಲ್ ಸೆಟ್ ಎಂದು ಹೆಸರಿಟ್ಟರು. ಅವಿಯಲ್ ಗೊತ್ತಲ್ಲ, ಸಿಕ್ಕ ತರಕಾರಿಯನ್ನೆಲ್ಲ ಹಾಕಿ ಮಾಡುವ ಕೇರಳದ ಪಲ್ಯ. ಕುರುಪ್ ಸರ್ ನಗಲಿಲ್ಲ. ಒಂದೊಂದನ್ನೇ ಹೊರಗೆ ಎಳೆದು ನೋಡಿ, ತುಟಿ ಬಿಗಿದು, ವಾಪಸ್ ಇಟ್ಟರು. ನಕ್ಕಿದ್ದರೇ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ನಾನು ಹೊಸ ಸೆಟ್ಟಿನ ಐದನೇ ನಂಬರು ಹಿಡಿದು ನಿಂತೆ. ಬೀಸಿದೆ. ಚೆಂಡು ಎದ್ದಂತೆ ಮಾಡಿ, ಸೋತು, ಹುಲ್ಲಿಗೆ ಬಿತ್ತು. ಆರನೇ ನಂಬರಿನದೂ ಅಲ್ಲೇ ಬಿತ್ತು. ಮತ್ತೆ ಹೊಡೆದೆ, ಮತ್ತೆ ಅಲ್ಲೇ. ಕಡ್ಡಿಗಳು ಎಲ್ಲೋ ದೂರದಲ್ಲಿ ಕೆಂಪು ಬಟ್ಟೆ ಆಡಿಸುತ್ತ ನನ್ನನ್ನು ಅಣಕಿಸುತ್ತಿದ್ದವು.  ತಪ್ಪು ಸೆಟ್ಟಿನದಲ್ಲ, ಪ್ರಯೋಗ ಆಗಿದೆ, ಕಡ್ಡಿ ನೆಟ್ಟಿದೆ, ವಿಜ್ಞಾನಿ ಹೇಳಿದ್ದಾರೆ. ಹಾಗಾದರೆ ಮುಗಿದದ್ದು ನಾನೇ. ಕೋಲನ್ನು ನೆಲಕ್ಕೆ ಊರಿ, ಪಳಂಪೊರಿಗೆ ಎಷ್ಟು ಡಬ್ಬಿ ಬೇಕಾದೀತು ಎಂದು ಲೆಕ್ಕ ಹಾಕಲು ಶುರುಮಾಡಿದ್ದೆ.

ಇವರು ಬಂದು, ನನ್ನ ಕೈಯಿಂದ ಐದನೇ ನಂಬರು ತೆಗೆದುಕೊಂಡು, ನನಗೆ ತೋರಿಸಲೆಂದು ತಾವೊಂದು ಹೊಡೆದರು. ಆರಡಿ ಎತ್ತರದ ಗಂಡಸು, ಗೆಡ್ಡೆ ಅಗೆದ ತೋಳು. ಚೆಂಡು ಸೊಯ್ಯೆಂದು ಹೋಗಿ ಕೆಂಪು ಕಡ್ಡಿಯ ಬುಡಕ್ಕೇ ಬಿತ್ತು. ಇವರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. ನಾನು ಕಡ್ಡಿಯನ್ನೊಮ್ಮೆ ನೋಡಿದೆ, ಇವರ ತೋಳನ್ನೊಮ್ಮೆ ನೋಡಿದೆ.

"ಏನ್ರಿ," ಅಂದೆ, "ಈ ಕಡ್ಡಿ ಎಲ್ಲಾ ಯಾರ ಹೊಡತಕ್ಕ ನೆಟ್ಟೀರಿ?"

"ನಂದs. ಮತ್ತ ಯಾರದು? ನಿನ್ನ ಭುಜಕ್ಕ ತ್ರಾಸ ಆಗಬಾರ್ದಂತ ನಾನs ಎಲ್ಲಾ ಹೊಡದ್ನಿ."

"ಆಡಾಕಿ ನಾನೋ, ನೀವೋ?"

ಅವರ ಮುಖ ನೋಡಬೇಕಿತ್ತು. ಈ ಮನುಷ್ಯ ಇಪ್ಪತ್ತು ವರ್ಷದಿಂದ ಊರೂರಿಗೆ ಹೋಗಿ ರೈತರಿಗೆ ಹೇಳುತ್ತ ಬಂದದ್ದು ಒಂದೇ ಮಾತು: ನಮ್ಮ ಸಂಸ್ಥೆಯ ಹೊಲದಲ್ಲಿ ಚೆನ್ನಾಗಿ ಬಂತೆಂದು ನಂಬಬೇಡಿ, ನಿಮ್ಮ ಮಣ್ಣಿನಲ್ಲಿ ಹಾಕಿ ನೋಡಿ. ಈಗ ತಾವೇ ತಮ್ಮ ಮಣ್ಣಿನಲ್ಲಿ ಬೆಳೆದು ನೋಡಿ ಹೆಂಡತಿಯ ಹೊಲಕ್ಕೆ ಬೀಜ ಕೊಟ್ಟಿದ್ದರು. ಅದೂ ನನಗೆ ನೋವಾಗಬಾರದೆಂಬ ಪ್ರೀತಿಯಿಂದ. ಬೈಯಲು ಬಾಯಿ ತೆರೆದವಳು ನಗಲು ಶುರುಮಾಡಿದೆ. ಅವರು ತಲೆ ಕೆರೆದುಕೊಂಡರು, ಆಮೇಲೆ ಅವರೂ ನಕ್ಕರು. ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದವರು, ಈ ಕನ್ನಡದವರಿಗೆ ಏನಾಯಿತೆಂದು ತಿರುಗಿ ನೋಡಿದರು. ನಾನು ಮುಗಿದಿಲ್ಲ ಎಂದು ತಿಳಿದ ಸಂತೋಷ ಅದು, ಅವರಿಗೆ ಹೇಗೆ ಹೇಳಲಿ.

ಕಡ್ಡಿಗಳನ್ನೆಲ್ಲ ಕಿತ್ತರು. ನಾನು ಹೊಡೆದೆ, ಅವರು ನೆಟ್ಟರು. ಭುಜ ನೋಯದಂತೆ ದಿನಕ್ಕೆ ಸ್ವಲ್ಪ, ಮರುದಿನ ಮತ್ತೆ ಸ್ವಲ್ಪ. ಅನ್ವರ್ ಕೊಟ್ಟ ಎರಡು ಸೆಟ್ಟಿನ ಪ್ರತಿಯೊಂದು ಐರನ್ನೂ ನನ್ನ ಕೈಗೆ ಬಂದು ಹೋಯಿತು. ಆಗ ಒಂದು ವಿಚಿತ್ರ ಕಂಡಿತು. ದಪ್ಪ ಸೆಟ್ಟಿನ ಏಳನೇ ನಂಬರು, ಅದೇ ಸೆಟ್ಟಿನ ಐದಕ್ಕಿಂತಲೂ ಆರಕ್ಕಿಂತಲೂ ದೂರ ಹೋಗುತ್ತಿತ್ತು. ಪುಸ್ತಕದ ಪ್ರಕಾರ ಹಾಗಾಗಬಾರದು. ಆದರೆ ನನ್ನ ಈಗಿನ ಬೀಸಿಗೆ ಐದು, ಆರು ನೆಟ್ಟಗಿನ ಮುಖದವು, ಚೆಂಡನ್ನು ಎತ್ತಲಾರವು. ಏಳು ಎತ್ತುತ್ತಿತ್ತು, ಎತ್ತಿದ್ದರಿಂದಲೇ ದೂರ ಒಯ್ಯುತ್ತಿತ್ತು. ಅದರ ಹಿಂದೆ, ಸರಿಯಾದ ಅಂತರದಲ್ಲಿ, ನಡುವಿನ ಸೆಟ್ಟಿನ ಏಳು ಬೀಳುತ್ತಿತ್ತು. ಆಮೇಲೆ ಎಂಟು, ಆಮೇಲೆ ನನ್ನ ಚೆಲುವೆ ಒಂಬತ್ತು. ಕಡ್ಡಿಗಳು ಒಂದರ ಹಿಂದೆ ಒಂದು ಮೆಟ್ಟಿಲಿನ ಹಾಗೆ ನಿಂತವು.

ಹೀಗೆ ಚೀಲದಲ್ಲಿ ಐದೂ ಇಲ್ಲ, ಆರೂ ಇಲ್ಲ, ಏಳು ಮಾತ್ರ ಎರಡು. ಅವಸರದಲ್ಲಿ ಯಾವ ಏಳು ಎಳೆಯುತ್ತೇನೋ ಎಂಬ ಭಯಕ್ಕೆ ಮಗಳ ಕೆಂಪು ನೇಲ್ ಪಾಲಿಶ್ ತೆಗೆದು ಕಂಪನಿಯ ನಂಬರಿನ ಮೇಲೆ ಬಳಿದು, ಪಕ್ಕದಲ್ಲಿ ನಾನೇ ಕನ್ನಡದ ಅಂಕಿ ಬರೆದೆ. ದಪ್ಪ ಏಳಕ್ಕೆ ೬ ಎಂದು ಬರೆದೆ. ನನ್ನ ಮಟ್ಟಿಗೆ ಅದು ಆರು. ಕಂಪನಿಯವರು ನನ್ನ ಭುಜ ನೋಡಿ ನಂಬರು ಹಾಕಿದ್ದಾರೆಯೇ?

ಕುರುಪ್ ಸರ್ ಜೊತೆಗಿನ ಸುತ್ತಿನಲ್ಲಿ ನಾನು ಅವರನ್ನು ಸೋಲಿಸಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಚೆಂಡು ಎಲ್ಲಿ ಬೀಳಬೇಕೆಂದುಕೊಂಡೆನೋ ಅಲ್ಲಿ ಬಿತ್ತು, ಮತ್ತೆ ಮತ್ತೆ ಬಿತ್ತು. ನಡುವೆ ಒಂದು ಕಡೆ ಅವರು ನನ್ನ ಚೀಲಕ್ಕೆ ಬಗ್ಗಿ, ಎರಡು ಏಳು ಇಟ್ಟುಕೊಂಡು ಯಾರಾದರೂ ಆಡುತ್ತಾರೆಯೇ ಎಂದು ಕೇಳಿದರು. ನಾನು ಅವಿಯಲ್‌ನ ಮಾತೆತ್ತಿದೆ. ಅದಕ್ಕೆ ಹತ್ತು ತರಕಾರಿ ಹಾಕುತ್ತೀರಿ, ಆದರೆ ಎಲ್ಲವನ್ನೂ ಒಂದೇ ಉದ್ದಕ್ಕೆ ಹೆಚ್ಚುತ್ತೀರಿ, ಹೌದಲ್ಲವೇ ಸರ್? ನಾನು ಮಾಡಿದ್ದೂ ಅಷ್ಟೇ ಅಂದೆ. ಅವರು ಮುಂದೆ ನಡೆದರು. ಕೊನೆಯ ಹೋಲಿನ ಹತ್ತಿರ ನಿಂತು, ಟೋಪಿ ತೆಗೆದು, ಮೇಡಂ ಆಡುತ್ತಾರೆ, ಮ್ಯಾನೇಜರ್ ಕೆಲಸ ನಾನು ನೋಡಿಕೊಳ್ಳುತ್ತೇನೆ ಅಂದರು. ಹೇಳಿದೆನಲ್ಲ, ದೊಡ್ಡ ಮನುಷ್ಯರು. ಕೊಚ್ಚಿಗೆ ಹೋಗುವ ವ್ಯಾನಿನಲ್ಲಿ ಪಳಂಪೊರಿಯ ಡಬ್ಬಿಗಳು ಅವರ ತೊಡೆಯ ಮೇಲಿದ್ದವು.

ಕೊಚ್ಚಿಯಲ್ಲಿ ನನ್ನ ಎದುರಾಳಿ ಯಾರು ಬಂದ ಅಂತೀರಿ? ಅನ್ವರ್. ಗಾಲ್ಫಿನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ, ಕಡಿಮೆ ಶಕ್ತಿಯವರಿಗೆ ಮೊದಲೇ ಕೆಲವು ಹೊಡೆತ ಬಿಟ್ಟುಕೊಡುತ್ತಾರೆ. ಹಾಗಾಗಿ ನಾನೂ ಅವನೂ ಎದುರುಬದುರು ಆಡಬಹುದು. ಇಡೀ ದಿನ ನಾವಿಬ್ಬರೂ ಹಿಂದೆ ಮುಂದೆ ಆಗುತ್ತ ಬಂದೆವು. ಕೊನೆಯ ಹೋಲಿಗೆ ಬರುವಾಗ ನಾವಿಬ್ಬರೂ ಸಮ, ಉಳಿದವರದೆಲ್ಲ ಮುಗಿದು ತಂಡಗಳೂ ಸಮ. ಅಲ್ಲಿ ಗೆದ್ದವರ ಊರು ಗೆದ್ದಂತೆ. ಮುಂದೆ ಕೆರೆ, ಕೆರೆಯಾಚೆ ಗ್ರೀನು, ಎಂದರೆ ಕುಳಿಯಿರುವ ನುಣುಪು ಹುಲ್ಲು, ಗ್ರೀನಿನ ಹಿಂದೆ ತೆಂಗಿನ ಮರಗಳ ಕೆಳಗೆ ಪೊದೆ. ಅನ್ವರ್ ಮೊದಲು ಹೊಡೆದ. ಹುಡುಗನ ತಾಕತ್ತು ಹೆಚ್ಚಾಗಿ, ಚೆಂಡು ಗ್ರೀನು ದಾಟಿ ಪೊದೆಯ ಅಂಚಿಗೆ ಹೋಯಿತು.

ನನ್ನ ಸರದಿ. ನಡುವಿನ ಏಳು ಹೊಡೆದರೆ ನೀರಿಗೆ ಬೀಳುತ್ತದೆ. ಐರನ್ ಬಿಟ್ಟು ದೂರದ ಹೊಡೆತದ ದೊಡ್ಡ ತಲೆಯ ಕೋಲು ಹಿಡಿದರೆ ಅನ್ವರನ ಪೊದೆಯೇ ಗತಿ. ಹಳೆಯ ಸೆಟ್ಟಿನಲ್ಲಿ ಆ ದೂರಕ್ಕೆ ನನ್ನ ಬಳಿ ಏನೂ ಇರುತ್ತಿರಲಿಲ್ಲ. ಈಗ ಇತ್ತು. ಎಳೆದೆ. ಅನ್ವರ್ ಕುತ್ತಿಗೆ ಉದ್ದ ಮಾಡಿ ನೋಡಿದ.

"ಅಕ್ಕಾ, ಅದು ನನ್ನ ಸೆವೆನ್ ಅಲ್ವಾ ಮಾರಾಯ್ರೆ?"

"ನಿನ್ನ ಕೈಯಾಗ ಏಳು," ಅಂದೆ. "ನನ್ನ ಕೈಯಾಗ ಆರು."

ಬೀಸಿದೆ. ಭುಜ ಎಷ್ಟು ಹಿಂದೆ ಹೋಗುತ್ತದೋ ಅಷ್ಟೇ ಹೋಯಿತು. ಅದಕ್ಕಿಂತ ಹೆಚ್ಚು ಕೇಳಲೂ ಇಲ್ಲ. ತಾಗಿದ್ದು ಕೈಗೆ ಗೊತ್ತೇ ಆಗಲಿಲ್ಲ. ಹಾಗೆ ಗೊತ್ತಾಗದಿದ್ದರೆ ಸರಿಯಾಗಿ ತಾಗಿದೆ ಎಂದರ್ಥ. ಚೆಂಡು ಎದ್ದಿತು, ನೀರಿನ ಮೇಲೆ ಹೋಯಿತು, ಹೋಗುತ್ತಲೇ ಇತ್ತು. ಆಚೆ ದಡದಲ್ಲಿ ನಿಂತಿದ್ದ ಕುರುಪ್ ಸರ್ ಕೈಯಲ್ಲಿ ಡಬ್ಬಿ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದರು. ಗ್ರೀನಿನ ಮೇಲೆ ಬಿದ್ದು, ಸ್ವಲ್ಪ ಉರುಳಿ, ಬಾವುಟದ ಹತ್ತಿರ ನಿಂತಿತು. ನಮ್ಮ ಮನೆಯವರು ಮರದ ಕೆಳಗಿನಿಂದ ಅಪ್ಪಟ ಧಾರವಾಡ ಕನ್ನಡದಲ್ಲಿ ಏನೋ ಕೂಗಿದರು. ಸಭ್ಯರ ಮೈದಾನದಲ್ಲಿ ಕೂಗುವ ಮಾತಲ್ಲ, ಇಲ್ಲಿ ಬರೆಯುವುದಿಲ್ಲ. ಅನ್ವರ್ ಪೊದೆಯಿಂದ ಹೊರಬರಲು ಎರಡು ಹೊಡೆತ ತೆಗೆದುಕೊಂಡ. ನಾನು ನಿಧಾನವಾಗಿ, ಮೆಲ್ಲಗೆ ತಟ್ಟಿ ಚೆಂಡನ್ನು ಕುಳಿಗೆ ಹಾಕಿದೆ. ತಿರುವನಂತಪುರ ಗೆದ್ದಿತು. ನಾನು ಗೆದ್ದೆ. ಪಳಂಪೊರಿಯನ್ನು ಕುರುಪ್ ಸರ್ ಕೈಯಿಂದಲೇ ಇಸಿದುಕೊಂಡು ತಿಂದೆ, ಒಂದಲ್ಲ, ಹೊಟ್ಟೆ ತುಂಬುವಷ್ಟು. ಅನ್ವರ್ ನನ್ನ ಪಕ್ಕ ಕೂತು, ತನ್ನ ಸೆವೆನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮೇಲಿನ ಕೆಂಪು ಅಂಕಿಯನ್ನು ಬಹಳ ಹೊತ್ತು ನೋಡಿದ.

ಆಮೇಲೆ ವರ್ಷಗಳಾದವು. ಬ್ಯಾಂಕು ಮತ್ತೆ ಎತ್ತಿ ಒಗೆಯಿತು, ಕೊಚ್ಚಿಯಲ್ಲಿ ಬಿದ್ದೆ. ನಮ್ಮ ಮನೆಯವರು ರೈಲಿನಲ್ಲಿ ಓಡಾಡುತ್ತ ಗೆಡ್ಡೆ ನೋಡಿಕೊಳ್ಳುತ್ತಾರೆ. ಈಗ ನಾನು ಅನ್ವರನ ತಂಡದವಳು, ತಿರುವನಂತಪುರದ ಎದುರಾಳಿ. ಈ ಕಥೆಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ಕುರುಪ್ ಸರ್ ಭಾಗಕ್ಕೆ ಬಂದಾಗ ಸ್ವಲ್ಪ ಉಪ್ಪುಖಾರ ಹೆಚ್ಚು ಹಾಕುತ್ತಿದ್ದೆ. ಆ ಕುರ್ಚಿ, ಆ ಮರುಕ, ಎಲ್ಲ ಒಳಗೆ ಇನ್ನೂ ಚುಚ್ಚುತ್ತಿತ್ತೇನೋ.

ಕಳೆದ ವಾರ ಅವರ ಫೋನು ಬಂತು. ನಿವೃತ್ತರಾಗಿದ್ದಾರೆ. ಬೆನ್ನಿಗೆ ಆಪರೇಷನ್ ಆಗಿದೆಯಂತೆ. ಮೊದಲು ಭುಜ ವಿಚಾರಿಸಿದರು, ಮಗಳನ್ನು ವಿಚಾರಿಸಿದರು, ಗಂಟಲು ಸರಿಮಾಡಿಕೊಂಡರು. ಆ ಗಂಟಲಿನ ಸದ್ದು ನನಗೆ ಗೊತ್ತು. ಈ ವರ್ಷ ತಮ್ಮನ್ನು ಮ್ಯಾನೇಜರ್ ಮಾಡಿದ್ದಾರೆ ಅಂದರು.   ಭಾನುವಾರ ಬನ್ನಿ ಸರ್ ಅಂದೆ.

ಭಾನುವಾರ ಬೆಳಿಗ್ಗೆ ಅವರು ಬಂದರು. ಅದೇ ಇಸ್ತ್ರಿ ಕೆಡದ ಅಂಗಿ, ಅದೇ ಹೊಳೆಯುವ ಸೆಟ್, ಆದರೆ ಚೀಲ ಹೊತ್ತದ್ದು ಅವರ ಡ್ರೈವರು. ಇಲ್ಲಿನ ಅಭ್ಯಾಸದ ಮೈದಾನದಲ್ಲಿ ನಮ್ಮ ಮನೆಯವರು ಕಡ್ಡಿ ಹಿಡಿದು ದೂರ ನಿಂತಿದ್ದರು. ಕುರುಪ್ ಸರ್ ತಮ್ಮ ಐದನೇ ನಂಬರು ತೆಗೆದು ಹೊಡೆದರು. ಚೆಂಡು ಹುಲ್ಲಿನ ಮೇಲೆ ಹರಿದುಹೋಯಿತು. ಅವರು ಅದನ್ನೇ ನೋಡುತ್ತ ನಿಂತರು, ಕಿವಿ ಕೆಂಪಾಗಿತ್ತು. ಆ ಗಳಿಗೆಗಾಗಿ ಇಷ್ಟು ವರ್ಷ ಕಾದಿದ್ದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಅವರ ಕಿವಿ ನೋಡಿದಾಗ ನನಗೆ ಆ ಬೆಳಿಗ್ಗೆ ಕೋಲು ಊರಿ ನಿಂತಿದ್ದ ನಾನೇ ಕಂಡೆ, ಒಳಗೆ ಚುಚ್ಚುತ್ತಿದ್ದದ್ದು ಏನಾಯಿತೋ ಗೊತ್ತಾಗಲಿಲ್ಲ. ಅನ್ವರನ ಮಂಚದ ಕೆಳಗಿಂದ ತಂದ ಅಂದಗೇಡಿ ಐರನ್ ಒಂದನ್ನು ಅವರ ಕೈಗೆ ಕೊಟ್ಟೆ. ನಂಬರು ನೋಡಬೇಡಿ ಸರ್ ಎಂದಷ್ಟೇ ಹೇಳಿದೆ.

ಅವರು ಅದರ ದಪ್ಪ ತಳವನ್ನು ನೋಡಿ ತುಟಿ ಬಿಗಿದರು. ಬೆನ್ನು ಎಷ್ಟು ತಿರುಗುತ್ತದೋ ಅಷ್ಟೇ ತಿರುಗಿಸಿ ಬೀಸಿದರು. ಚೆಂಡು ಎದ್ದಿತು. ತೆಂಗಿನ ಮರದ ಎತ್ತರಕ್ಕೆ ಹೋಗಿ ಇಳಿಯಿತು, ನಮ್ಮ ಮನೆಯವರು ಅಲ್ಲಿಗೆ ಓಡಿಹೋಗಿ ಕಡ್ಡಿ ನೆಟ್ಟು ಕೈ ಬೀಸಿದರು. ಕುರುಪ್ ಸರ್ ನನ್ನ ಕಡೆ ತಿರುಗಲಿಲ್ಲ, ಹೊಗಳಲೂ ಇಲ್ಲ. ಕಡ್ಡಿಯ ಮೇಲಿನ ಕಣ್ಣು ತೆಗೆಯದೆ, ಮಗುವಿನ ಹಾಗೆ ಮೆಲ್ಲಗೆ ಕೇಳಿದರು.

"ಒರೆಣ್ಣಂ ಕೂಡಿ."

ಇನ್ನೊಂದು. ನಾನು ಬಗ್ಗಿ ಅವರ ಮುಂದೆ ಇನ್ನೊಂದು ಚೆಂಡು ಇಟ್ಟೆ.